ಕಾಣೆ

ಧಕ್ಕೆಯ ಚೆಯ್ಯಬ್ಬರ ಹಳೆ ಲೆಕ್ಕದ ಪುಸ್ತಕ ಇಪ್ಪತ್ತಮೂರು,
ಗೋಣಿಯಲ್ಲಿ ಕಟ್ಟಿ ರಿಕ್ಷಾದಲ್ಲಿ ತಂದೆ.
ಮೂರು ದಿನ ಪ್ರಯೋಗಾಲಯದ ತುಂಬ ಉಪ್ಪುನೀರಿನ ವಾಸನೆ.
ಏಸಿ ರಿಪೇರಿಯ ಹುಡುಗ
ಇಲಿ ಸತ್ತಿರಬೇಕೆಂದು ಮೇಜಿನಡಿ ಬಗ್ಗಿ ನೋಡಿದ.

ನನ್ನ ಕೆಲಸ ಹೇಳಲು ಸುಲಭ.
ತುಳುವಿನ ಬೂತಾಯಿ, ಕೊಂಕಣಿಯ ತಾರ್ಲೆ, ಬ್ಯಾರಿಗಳ ಮತ್ತಿ
ಮೂರೂ ಒಂದೇ ಮೀನೆಂದು ಯಂತ್ರಕ್ಕೆ ಹೊಳೆಯಬೇಕು,
ಯಾರೂ ಹೇಳಿಕೊಡದೆ.
ಬೆಲೆ, ತಿಂಗಳು, ಕೊಂಡವರ ಹೆಸರು, ಪಕ್ಕದ ಸಾಲು,
ಇಷ್ಟರಿಂದಲೇ.
ಹೊಳೆಯಿತು. ಎಂಟನೆಯ ರಾತ್ರಿ ಎರಡೂಕಾಲಕ್ಕೆ
ಮೂರು ಹೆಸರು ಪರದೆಯ ಒಂದೇ ಮೂಲೆಗೆ ಬಂದು ಕೂತವು,
ಮಳೆಗೆ ಓಡಿ ಒಂದೇ ಬಸ್‌ಸ್ಟ್ಯಾಂಡ್ ಹೊಕ್ಕ
ಮೂರು ಮನೆಯವರ ಹಾಗೆ.
ಒಬ್ಬಳೇ ಎದ್ದು ಚಪ್ಪಾಳೆ ತಟ್ಟಿದೆ.
ಕಾವಲಿನವನು ಕಿಟಕಿಗೆ ಟಾರ್ಚು ಬಿಟ್ಟ.

ಎಡವಟ್ಟಾದದ್ದು ಖಾಲಿ ಜಾಗದಲ್ಲಿ.
ಅಂಕಿ ಇಲ್ಲದಲ್ಲಿ ಏನು ತುಂಬಲಿ, ಎಂದು ಕೇಳಿದ್ದಳು
ಗದಗದಿಂದ ಬಂದ ನೀಲಾಂಬಿಕಾ.
ತಲೆಯೆತ್ತದೆ ಹೇಳಿದ್ದೆ: 'ಕಾಣೆ' ಅಂತ ಬರಿ.

ಜೂನ್, ಜುಲೈ. ಬೋಟುಗಳೆಲ್ಲ ಹಗ್ಗ ಬಿಗಿಸಿಕೊಂಡು ಮಲಗುವ
ಅರವತ್ತೊಂದು ದಿನ. ತಾರೀಕಷ್ಟೇ ಬರೆದ ಹಾಳೆಗಳು.
ಯಂತ್ರ ಲೆಕ್ಕ ಒಪ್ಪಿಸಿತು:
ಧಕ್ಕೆ ತುಂಬ ಕಾಣೆ, ಬುಟ್ಟಿ ಬುಟ್ಟಿ ಕಾಣೆ,
ಬಲೆಯೇ ಬೀಳದ ಕಡಲಿನಿಂದ ಎದ್ದು ಬಂದ ಕಾಣೆ,
ಶೇಕಡಾ ತೊಂಬತ್ತೇಳು ಖಚಿತ,
ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕುವುದೊಂದೇ ಬಾಕಿ.

ವಾರವಿಡೀ ನಕ್ಕೆವು. ನೀಲಾಂಬಿಕಾ ಮಾತ್ರ ನಗಲಿಲ್ಲ;
ಅವಳಿಗೆ ಆ ಮೀನೇ ಗೊತ್ತಿರಲಿಲ್ಲ.

ಆಮೇಲೆ ತಿದ್ದಿದೆ. ಮೀನು ಬೇರೆ, ಖಾಲಿ ಬೇರೆ.
ಸೊನ್ನೆ ಅಂದರೆ ಬಂದಳು, ಕೊಳ್ಳಲಿಲ್ಲ.
ಖಾಲಿ ಅಂದರೆ
ಯಂತ್ರ ಬಾಯಿಬಿಟ್ಟು ಹೇಳಬೇಕಿತ್ತು: ನಾ ಕಾಣೆ.
ಆ ಮಾತೊಂದನ್ನು ಅದಕ್ಕೆ ಕಲಿಸುವುದು
ಮೂರು ಭಾಷೆ ಕಲಿಸುವುದಕ್ಕಿಂತ ಕಷ್ಟ.
ಬಿಟ್ಟ ಜಾಗ ಕಂಡರೆ ಅದಕ್ಕೆ ತಡೆಯುವುದಿಲ್ಲ,
ಹಿಂದೆ ಮುಂದೆ ನೋಡಿ ತುಂಬಿಬಿಡುತ್ತದೆ.

ಹಾಗೆ ಸಿಕ್ಕಿದಳು ರಾಜೀವಿ ಮೆಂಡನ್.
ಹನ್ನೊಂದನೆಯ ಇಸವಿಯ ಆಟಿ ಕಳೆದ ಮೇಲೆ
ದಿನಾ ಅವಳ ಹೆಸರು ಉಂಟು, ಎದುರಿಗೆ ಏನೂ ಇಲ್ಲ.
ಒಂಬತ್ತು ವರ್ಷ, ಒಂದೇ ಕೈಬರಹ.
ಯಂತ್ರ ಅಷ್ಟನ್ನೂ ತುಂಬಿತ್ತು:
ಎರಡು ಬುಟ್ಟಿ ಬಂಗುಡೆ, ಶನಿವಾರ ಮೇಲೊಂದು ಬೂತಾಯಿ,
ಮೊಂತಿ ಫೆಸ್ತಿನ ವಾರ ಅರ್ಧಕ್ಕರ್ಧ ಕಡಿಮೆ.
ಬಿಜೈಯ ಕ್ರಿಸ್ತುವರ ಮನೆಗಳೇ ಅವಳ ಗಿರಾಕಿಯಿರಬೇಕು.
ಬೆಲೆ ಏರಿದ ವರ್ಷ ಸಾಲ ಮಾಡಿದಳು,
ದೀಪಾವಳಿಗೆ ತೀರಿಸಿದಳು.
ಒಂದು ಸಾಲೂ ನಡೆದದ್ದಲ್ಲ. ಓದುತ್ತಾ ಹೋದೆ.
ಅವಳ ಬುಟ್ಟಿಯ ನೀರು ನನ್ನ ಕೊರಳಿಗೆ ಇಳಿದ ಹಾಗೆ.

ಮುದ್ರಿಸಿಕೊಂಡು ಧಕ್ಕೆಗೆ ಹೋದೆ.
ಇವಳ ಹೆಸರು ದಿನಾ ಯಾಕೆ ಬರೆಯುವುದು?

"ಮುನ್ನೂರ ನಲವತ್ತು ಬಾಕಿ ಉಂಟಲ್ಲ ಟೀಚರ್.
ಗೆರೆ ಎಳೆದರೆ ಲೆಕ್ಕ ಮುಗಿಯಿತು.
ಮುಗಿದರೆ ಮತ್ತೆ ಅವಳು ಎಂತಕ್ಕೆ ಬರುವುದು?"

ಎಲ್ಲಿ ಹೋದಳು?

ಚೆಯ್ಯಬ್ಬರು ಮಂಜಿನ ಲಾರಿಗೆ ದಾರಿ ಬಿಟ್ಟು ನಿಂತರು.
ಲಾರಿ ಹೋದ ಮೇಲೂ
ಆ ಪ್ರಶ್ನೆಗೆ ತಿರುಗಿ ಬರಲಿಲ್ಲ.
ಕನ್ನಡಕ ಹಾಕಿ ನನ್ನ ಹಾಳೆಗಳನ್ನು ಒಂದೊಂದೇ,
ಬೆರಳಿಟ್ಟು, ತುಟಿಯಲ್ಲೇ ಕೂಡಿಸುತ್ತಾ,
ಇದ್ದವಳ ಲೆಕ್ಕ ನೋಡುವ ಹಾಗೆ ನೋಡಿದರು.
ಒಂದು ಕಡೆ ಬೆರಳು ನಿಂತಿತು.

"ಇದು ತಪ್ಪು. ಸಂಕ್ರಮಣದ ದಿನ ಅವಳು ಮೀನು ಮುಟ್ಟುವುದಿಲ್ಲ."

ಕಿವಿಯ ಮೇಲಿನ ಪೆನ್ನು ತೆಗೆದು
ಎರಡು ಬುಟ್ಟಿ ಬಂಗುಡೆ ಹೊಡೆದು ಹಾಕಿದರು.
ಉಳಿದದ್ದಕ್ಕೆ ತಕರಾರಿಲ್ಲ.
ಹಾಳೆ ಮಡಚಿ ಅಂಗಿಯ ಕಿಸೆಗೆ ಸೇರಿಸಿ,
ನಾನು ತಿರುಗುವ ಹೊತ್ತಿಗೆ ಕೇಳಿದರು:

"ಬರುವ ತಿಂಗಳದ್ದು ಉಂಟಾ?"