ಕುರ್ಚಿ ಬಾಡಿಗೆ ಪುಸ್ತಕ

ಕೊಪ್ಪ ಗೇಟಿನ ಹತ್ತಿರ ನನ್ನದೊಂದು ಶಾಮಿಯಾನ ಅಂಗಡಿ.
ಆರುನೂರು ಕುರ್ಚಿ. ಎಲ್ಲದರ ಬೆನ್ನಿಗೂ ಹಳದಿ ಬಣ್ಣದಲ್ಲಿ
ಬಿ.ಕೆ.ಜೆ. ಅಂತ ಬರೆಸಿದ್ದೇನೆ,
ಬೆಕ್ಕರೆ ಕೆಂಪಯ್ಯನ ಮಗ ಜವರಾಜು.
ಮದುವೆ, ತಿಥಿ, ಪಕ್ಷದ ಸಭೆ,
ಯಾರು ಕರೆದರೂ ಹೋಗುತ್ತವೆ.
ಒಂದು ದೇಶವೂ ನನ್ನ ಗಿರಾಕಿ.

ನಗಬೇಡಿ. ಭೂಪಟ ತೆಗೆಯಲೂ ಬೇಡಿ.
ಮುಸುಕಿನ ಜೋಳದ ಹೊಲ ದಾಟಿ, ಎಡಕ್ಕೆ ತಿರುಗಿದರೆ
ಟಿಬೆಟನ್ನರ ಕ್ಯಾಂಪು. ಅಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.

ಫೆಬ್ರವರಿಯಲ್ಲಿ ಅವರ ಹೊಸ ವರ್ಷ.
ಇನ್ನೂರು ಕುರ್ಚಿ, ಮೂರು ದಿನ.
ನಮ್ಮ ಬೇವು ಇನ್ನೂ ಹೂ ಬಿಟ್ಟಿರಲಿಲ್ಲ.
ಚಿಮಿ ಯುಡೋನ್ ತಟ್ಟೆ ತುಂಬ ಕರಿದ ತಿಂಡಿ ಕೊಟ್ಟಳು,
ನಮ್ಮ ಚಕ್ಕುಲಿಗೆ ದೂರದ ನೆಂಟ,
ಉಪ್ಪು ಖಾರ ಮರೆತು ಬಂದವನು.

ಮಾರ್ಚ್ ಹತ್ತಕ್ಕೆ ಕುರ್ಚಿ ಬೇಡ, ಮೈಕು ಸಾಕು ಅಂದರು.
ಆ ದಿನ ಎಲ್ಲರೂ ನಿಂತೇ ಇರುತ್ತಾರಂತೆ.
ತೊಂಬತ್ತು ದಾಟಿದ ಛೋಫೆಲ್ ಅಜ್ಜನಿಗೆ
ನಾನೇ ಒಂದು ಕುರ್ಚಿ ತಂದು ಇಟ್ಟೆ, ಪುಕ್ಕಟೆ.
ಅಜ್ಜ ಅದರ ಬೆನ್ನು ಹಿಡಿದುಕೊಂಡ,
ಬಿ.ಕೆ.ಜೆ. ಮೇಲೆ ಬೆರಳಿಟ್ಟು
ಎರಡು ಗಂಟೆ ನಿಂತ.

ಏಪ್ರಿಲಿನಲ್ಲಿ ಚುನಾವಣೆ.
ಮೇಜು ಎಂಟು, ಕುರ್ಚಿ ನಲವತ್ತು, ನೀರಿನ ಡ್ರಮ್ಮು ಎರಡು.
ನಿಂತವರು ಯಾವುದೋ ಊರಲ್ಲಿ, ಯಾವುದೋ ಖಂಡದಲ್ಲಿ,
ಗೋಡೆ ಮೇಲೆ ಅವರ ಫೋಟೋ ಮಾತ್ರ.
ಸಾಲಿನಲ್ಲಿ ಎಲ್ಲರ ಕೈಯಲ್ಲೂ ಒಂದು ಹಸಿರು ಪುಸ್ತಕ,
ವರ್ಷ ವರ್ಷ ಕಟ್ಟಿದ್ದಕ್ಕೆ ಸೀಲು.
ಜಪ್ತಿ ಮಾಡುವ ಅಮಲ್ದಾರನಿಲ್ಲ,
ಕರೆಂಟು ಕೀಳುವ ಲೈನ್‌ಮನ್ ಇಲ್ಲ,
ಆದರೂ ಕಟ್ಟುತ್ತಾರೆ.
ಪಂಚಾಯ್ತಿ ನೀರಿನ ಕಂದಾಯ ಆರು ವರ್ಷದಿಂದ ಉಳಿಸಿಕೊಂಡ ನಾನು
ಹಗ್ಗ ಸುತ್ತುವ ನೆಪದಲ್ಲಿ ಆ ಕಡೆ ತಿರುಗಿದೆ.

ಇವರೇನು ದೇವರೋ, ಮನುಷ್ಯರೋ ಅಂತ
ಒಂದು ಅನುಮಾನ ಕಾಡುತ್ತಿತ್ತು.
ಫಲಿತಾಂಶದ ರಾತ್ರಿ ಪರಿಹಾರವಾಯಿತು.
ಜಿಗ್ಡ್ರಾಲನೂ ಅವನ ಷಡ್ಡಕನೂ
ಗೆದ್ದವನ ಬಗ್ಗೆ, ಸೋತವನ ಬಗ್ಗೆ,
ಹಳೇ ಪ್ರಾಂತ್ಯಗಳ ಹಳೇ ಜಗಳದ ಬಗ್ಗೆ
ಕೂಗಾಡಿ ಎರಡು ಕುರ್ಚಿ ಮುರಿದರು.
ನಿಜವಾದ ದೇಶವೇ, ಅಂದುಕೊಂಡೆ.
ಬೆಳಗ್ಗೆ ಇಬ್ಬರೂ ಬೇರೆ ಬೇರೆ ಬಂದು ದುಡ್ಡು ಕೊಟ್ಟರು,
ಒಬ್ಬ ಕೊಟ್ಟದ್ದು ಇನ್ನೊಬ್ಬನಿಗೆ ಗೊತ್ತಿಲ್ಲ.
ನಾನೂ ಹೇಳಲಿಲ್ಲ.

ಜುಲೈನಲ್ಲಿ ಜಡಿಮಳೆ, ಗುರುಗಳ ಹುಟ್ಟುಹಬ್ಬ.
ಆರುನೂರೂ ಹೋದವು, ಸಾಲದೆ ಹೊಳೆ ಆಚೆಯಿಂದ ತಂದೆ.
ಸೆಪ್ಟೆಂಬರಿನಲ್ಲಿ ಮಕ್ಕಳ ಭಾಷಣ.
ಚಿಮಿಯ ಮಗಳು ನನ್ನನ್ನು ನೋಡಿ ಕನ್ನಡದಲ್ಲೂ ನಾಲ್ಕು ಮಾತಾಡಿದಳು,
ಥೇಟ್ ಬೆಕ್ಕರೆ ಹೆಂಗಸರ ರಾಗ.
‘ನಮ್ಮೂರು’ ಅಂದಳು ಎರಡು ಸಲ.
ಒಂದು ಸಲ ಈ ಊರು. ಇನ್ನೊಂದು ಸಲ
ಅವಳು ನೋಡಿಲ್ಲದ್ದು. ಅವಳ ತಾಯಿಯೂ ನೋಡಿಲ್ಲದ್ದು.

ನವೆಂಬರಿಗೆ ದೇಶ ಬಸ್ಸು ಹತ್ತಿತು,
ಗಂಟು ಗಂಟು ಸ್ವೆಟರು ಹೊತ್ತುಕೊಂಡು.
ಮಂಡ್ಯದ ಫುಟ್‌ಪಾತಿನಲ್ಲಿ ಚಿಮಿ ಸಿಕ್ಕಳು.
ಪರಿಚಯ ಅಂತ ಐವತ್ತು ರೂಪಾಯಿ ಬಿಡು ಅಂದೆ.
ನೀನು ಬಾಡಿಗೆಯಲ್ಲಿ ಬಿಟ್ಟಿದ್ದೀಯಾ? ಅಂದಳು.
ತಗೊಂಡೆ. ಕಂದು ಬಣ್ಣ. ತೋಳು ಸ್ವಲ್ಪ ಉದ್ದ.

ಡಿಸೆಂಬರಿನಲ್ಲಿ ಛೋಫೆಲ್ ಅಜ್ಜ ಹೋದ.
ಅರವತ್ತು ಕುರ್ಚಿ. ಅರ್ಧ ಖಾಲಿ,
ಎಲ್ಲರೂ ವ್ಯಾಪಾರದ ಊರುಗಳಲ್ಲಿ.
ಅಜ್ಜನ ಹಸಿರು ಪುಸ್ತಕ ತೆಗೆದು ನೋಡಿದರಂತೆ,
ಮುಂದಿನ ವರ್ಷದ್ದೂ ಕಟ್ಟಿಬಿಟ್ಟಿದ್ದ.

ವರ್ಷದ ಲೆಕ್ಕ ಹಿಡಿದು ಪಿರಿಯಾಪಟ್ಟಣಕ್ಕೆ ಹೋದೆ.
ಆಡಿಟರ್ ರೇಚಪ್ಪ ಕನ್ನಡಕ ಏರಿಸಿ ಕೇಳಿದ:
ಈ ಗಿರಾಕಿ ಯಾರು, ಖಾಸಗಿಯೋ ಸರ್ಕಾರವೋ?
ಸರ್ಕಾರ ಅಂತಲೇ ಬರ್ಕೊಳ್ಳಿ, ಅಂದೆ.
ದುಡ್ಡು ಬಂದಿದೆಯಾ?
ಪೈಸೆ ಬಾಕಿ ಇಲ್ಲ ಸಾ.
ಹಾಗಾದ್ರೆ ನಮ್ಮದಲ್ಲ ಬಿಡು, ಅಂದ.