ಗುಡ್ಡಕ್ಕೆ ಗೋಣಿ ಹೊದಿಸಿದ್ದು

ನಕ್ಷೆಯಲ್ಲಿ ಇದಕ್ಕೆ ಹೆಸರಿಲ್ಲ, ನಂಬರು ಮಾತ್ರ.
ದಾವಣಗೆರೆ ಬಿಸಾಕಿದ ಮೂವತ್ತು ವರ್ಷ
ಒಂದರ ಮೇಲೊಂದು ಮಲಗಿ
ಮೇಲೆ ಮೂರಡಿ ಮಣ್ಣು ಹೊದ್ದು ಗುಡ್ಡವಾಗಿದೆ.
ಹೊದಿಸಿದವನು ನಾನೇ.
ಬಿಲ್ಲಿನ ಮೇಲಿನ ಸಹಿಯೂ ನನ್ನದೇ.

ರೋಹಿಣಿ ಮಳೆ ಒಂದೇ ರಾತ್ರಿ ಬಂದು
ಆ ಸಹಿಯನ್ನು ಪರೀಕ್ಷಿಸಿತು.
ನೆತ್ತಿಯಿಂದ ಪಾದದವರೆಗೆ ಹನ್ನೊಂದು ಕೊರಕಲು,
ಮೇಲೆ ಬೆರಳಗಲ, ನಡುವೆ ಮೊಳದಗಲ,
ಕೆಳಗೆ ಕರು ಬಿದ್ದರೆ ಕಾಣದಷ್ಟು.
ಅದರ ಗೋಡೆಯಲ್ಲಿ ಪದರ ಪದರವಾಗಿ ಊರು:
ಬಣ್ಣ ಬಿಡದ ಹಾಲಿನ ಕವರು, ಒಂಟಿ ಚಪ್ಪಲಿ,
ಯಾರದೋ ಲಗ್ನಪತ್ರಿಕೆ,
ಜರಿ ಉಳಿದಿದೆ, ಹೆಸರು ಕರಗಿವೆ.
ಹಳ್ಳಕ್ಕಿಳಿದ ನೀರು ಸೀದ ಬೆಲ್ಲದ ಬಣ್ಣ.

ಎಲ್ಲರೂ ಮಾಡುವುದನ್ನೇ ಮಾಡಿದೆ.
ಟಿಪ್ಪರ್ ತರಿಸಿ ಮಣ್ಣು ಸುರಿಸಿದೆ,
ಜೆಸಿಬಿಯ ಬೆನ್ನಿಂದ ತಟ್ಟಿಸಿದೆ.
ಆರಿದ್ರಾ ಮಳೆ ಅದನ್ನೂ ಒಯ್ದಿತು,
ಜೊತೆಗೆ ನನ್ನ ಅಳತೆಕೋಲು ಎರಡು.

ಕಸ ಆಯುವ ನಾಗಿಬಾಯಿ
ಸೊಂಟಕ್ಕೆ ಕೈಯಿಟ್ಟು ನೋಡಿದಳು:
"ಹರಿದ ಲಂಗಕ್ಕೆ ತೂತಿನಷ್ಟೇ ತೇಪೆ ಹಚ್ಚಿದ್ರ ನಿಲ್ತೈತೇನ್ರಿ?
ಗಟ್ಟಿ ಬಟ್ಟಿ ಸಿಗೋ ತನಕ ಬಿಚ್ಚಬೇಕು."

ಬಿಚ್ಚಿದೆವು.
ಕೊರಕಲಿನ ದಡ ಮೆಟ್ಟಿಲು ಮೆಟ್ಟಿಲಾಗಿ ಕಡಿದು
ಕೆಮ್ಮಣ್ಣು ಗೇಣು ಗೇಣಾಗಿ ಹಾಕಿ
ನೀರು ಚಿಮುಕಿಸಿ ಗುದ್ದಿದೆವು.
ಎರೆಮಣ್ಣು ಬೇಡವೆಂದೆ.
ಬೇಸಿಗೆಗೆ ಬಾಯಿ ಬಿಡುವ ಮಣ್ಣು ಅದು,
ಬಿಟ್ಟ ಬಾಯಿಗೆ ಮೊದಲ ಮಳೆಯೇ ನಾಲಿಗೆ.

ಗಾರೆ ಕೆಲಸದ ಬುಡೇನ್‌ಸಾಬ್
ತಿಳಿ ಪೈಪಿಗೆ ನೀರು ತುಂಬಿ
ಒಂದು ತುದಿ ನನ್ನ ಕೈಗೆ ಕೊಟ್ಟ.
ಎರಡೂ ತುದಿಯಲ್ಲಿ ನೀರು ಒಪ್ಪಿದ ಕಡೆ ಒಂದು ಗೂಟ.
ಹೀಗೆ ಇಡೀ ದಿನ ನಾವಿಬ್ಬರೂ
ಒಂದೇ ನೀರನ್ನು ಹಿಡಿದುಕೊಂಡು
ಗುಡ್ಡದ ಸುತ್ತ ನಡೆದೆವು.
ಸಾಲು ಹಿಡಿದು ಲಾವಂಚ,
ಸಾಲಿನ ನಡುವೆ ಹುರುಳಿ.

ಮಂಡಕ್ಕಿ ಭಟ್ಟಿಗಳಿಗೆ ಭತ್ತ ಹೊತ್ತು ಸವೆದ
ಗೋಣಿಗಳು ಬಂದವು, ಆರುನೂರು.
ನಾಗಿಬಾಯಿ ದಬ್ಬಣ ತೆಗೆದಳು.
ಮೇಲಂಚು ನೆತ್ತಿಯ ಕಾಲುವೆಯಲ್ಲಿ ಹೂತು
ಮೇಲಿನದು ಕೆಳಗಿನದರ ಮೇಲೆ ಬರುವಂತೆ
ಹೆಂಚು ಹೊದಿಸಿದ ಹಾಗೆ ಹೊದಿಸುತ್ತ ಇಳಿದೆವು.
ಜಾಲಿ ಗೂಟ, ಗೇಣಿಗಿಂತ ಉದ್ದ ಬೇಡ:
ಕೆಳಗೆ ಊರು ಮಲಗಿದೆ.

ವನಮಹೋತ್ಸವದವರು ಹೊಂಗೆ ಸಸಿ ತಂದರು, ಕ್ಯಾಮರಾ ತಂದರು.
ಬೇಡ ಅಂದೆ. ಮರದ ಬೇರು ಆಳ ಹುಡುಕುತ್ತದೆ,
ಇಲ್ಲಿ ಆಳದಲ್ಲಿ ಹುಡುಕುವಂಥದ್ದೇನಿಲ್ಲ.
ಹುಲ್ಲೇ ಈ ಗುಡ್ಡದ ದೊಡ್ಡ ಮರ.
ಅವರು ಮುಖ ಸಣ್ಣದು ಮಾಡಿಕೊಂಡು ಹೋದರು.
ಸಸಿಗಳು ಗೇಟಿನ ಹತ್ತಿರ ಇವೆ, ಚೆನ್ನಾಗಿಯೇ ಇವೆ.

ಎಲ್ಲ ಕಡೆ ಹಸಿರಾಯಿತೆಂದು ಹೇಳಲಾರೆ.
ಎಂಟು ಜಾಗದಲ್ಲಿ ಹುರುಳಿ ಮೊಳೆತು ಹಳದಿಯಾಗಿ ಸತ್ತಿತು.
ಬಗ್ಗಿ ಅಂಗೈ ಇಟ್ಟೆ.
ಬೆಚ್ಚಗಿತ್ತು,
ಹೊದ್ದು ಮಲಗಿದವರ ಬಾಯಿಯ ಹತ್ತಿರ ಇರುವಂತೆ.

ನಿನ್ನೆ ರಾತ್ರಿ ಹುಬ್ಬೆ ಮಳೆ. ಮಲಗಲಿಲ್ಲ.
ನಸುಕಿಗೆ ಹೋಗಿ ಗುಡ್ಡದ ಪಾದದಲ್ಲಿ
ಟೀ ಲೋಟ ಹಿಡಿದೆ, ಗಾಜಿನದು.
ತುಂಬಿತು. ಕಲ್ಲಿನ ಮೇಲಿಟ್ಟು
ಕುಕ್ಕರುಗಾಲಲ್ಲಿ ಕೂತು ಕಾದೆವು.
ಆರಿದ್ರಾ ನೀರಿಗೆ ತಳದಲ್ಲಿ ನಾಲ್ಕು ಬೆರಳು ಮಣ್ಣು ಕೂತಿತ್ತು.
ಇಂದು ಒಂದು ಉಗುರು.

"ಉಗುರಿನಷ್ಟಾದರೂ ಹೋಗ್ತಾನೇ ಇದೆ" ಅಂದೆ.
"ಗುಡ್ಡ ಅಂದಮೇಲೆ ಇಳೀತೈತಿ ಸಾರ್,
ಓಡಬಾರದು ಅಷ್ಟೆ" ಅಂದ ಬುಡೇನ್‌ಸಾಬ್,
ಲೋಟದ ನೀರು ಲಾವಂಚದ ಬುಡಕ್ಕೆ ಚೆಲ್ಲುತ್ತ.

ಏಳನೇ ಸಾಲಿನಲ್ಲಿ ಒಂದು ಗೋಣಿ ಜಾರಿದೆ.
ಸಂದಿಯಲ್ಲಿ ಒಂಟಿ ಚಪ್ಪಲಿ,
ಈ ಸಲ ಎಡಗಾಲಿನದು.
ನಾಗಿಬಾಯಿ ಆಗಲೇ ಅಲ್ಲಿದ್ದಾಳೆ,
ಬೆಳಕಿಗೆ ದಬ್ಬಣ ಎತ್ತಿ ಹಿಡಿದು
ಸುತಲಿ ಪೋಣಿಸುತ್ತಿದ್ದಾಳೆ.