ಮೂರು ಕೂದಲೆಳೆ

ನಲವತ್ತು ಮೈಲಿ ವೇಗ ದಾಟಿದ್ದೇ ತಡ
ಗಾಡಿಗೆ ಚಳಿಜ್ವರ.
ಸ್ಟೀರಿಂಗ್ ಹಿಡಿದ ಕೈ ಮೊಣಕೈತನಕ ನಡುಗಿ
ನನ್ನ ಕೆನ್ನೆ, ಚಹಾದ ಫ್ಲಾಸ್ಕು,
ಹಿಂದೆ ಕೂತ ನಾಯಿಯ ಕಿವಿ,
ಎಲ್ಲಕ್ಕೂ ಒಂದೇ ತಾಳ.
ನಿಲ್ಲಿಸಿ ಇಳಿದು ನೋಡಿದರೆ
ಏನೂ ಅರಿಯದವಳ ಹಾಗೆ ನಿಂತಿರುತ್ತಾಳೆ.

"ಚಕ್ರದ್ದಲ್ಲ, ಕೀಲಿನ ರೋಗ" ಅಂದ ಡೆರ್ವಿನ್ ಯಾನ್.
ಸೇಂಟ್ ಹೆಲೆನಾದವನು. ಎರಡು ವರ್ಷಕ್ಕೆಂದು
ಫಾಕ್‌ಲ್ಯಾಂಡಿಗೆ ಬಂದು ಹದಿನಾರಾಯಿತು;
ಗಾಳಿ ನಿಂತ ಮೇಲೆ ಹೊರಡುತ್ತಾನಂತೆ.
ಜಾಕ್ ಏರಿಸಿ, ಚಕ್ರದ ನೆತ್ತಿಗೊಂದು ಬುಡಕ್ಕೊಂದು ಕೈ ಕೊಟ್ಟು
ಅಲ್ಲಾಡಿಸಿದ.
ಟಕ್. ಟಕ್.
ಬೀಳಲು ಕಾದ ಹಾಲುಹಲ್ಲು.

ಸೋಮವಾರ ಕುರಿ ಕೂಡಿಸಬೇಕು:
ಮೂರು ಸಾವಿರದ ಇನ್ನೂರು ತಲೆ, ಹನ್ನೊಂದು ಮೈಲಿ ಬೋಳು ಗುಡ್ಡ,
ಒಂದು ಮರವಿಲ್ಲ ದಾರಿ ಹೇಳಲು.
ಉಣ್ಣೆ ಕತ್ತರಿಸುವವರು ಮಂಗಳವಾರ ಬಂದಿಳಿಯುತ್ತಾರೆ.
ಪುಣ್ಯಕ್ಕೆ ಸಾಮಾನು ಹಡಗಿನಲ್ಲಿ ಬಂದಿತ್ತು:
ಕರಿಯ ಲೇಪದ ಎರಡು ಹೊಸ ಗುಂಡು,
ಹಳೆ ಬುಶ್ಶಿನ ಜಾಗಕ್ಕೆ ರೋಲರ್ ಬೇರಿಂಗು,
ಸೀಲು, ಗ್ಯಾಸ್ಕೆಟ್ಟು, ಜೋನಿಬೆಲ್ಲದಂಥ ಗ್ರೀಸು.

ಹಬ್ಬು ಬಿಚ್ಚಿದೆವು. ಬ್ರೇಕು ಬಿಚ್ಚಿ ತಂತಿಯಲ್ಲಿ ತೂಗುಹಾಕಿದೆವು.
ಒಳಗಿಂದ ಸುರಿದದ್ದು ಎಣ್ಣೆಯಲ್ಲ,
ಹೊಳೆ ದಾಟಿದಾಗೆಲ್ಲ ಕುಡಿದ ನೀರು ಬೆರೆತ
ಹಾಲು ಹೆಚ್ಚಾದ ಕಾಫಿ.
ಒಂದು ಕಾಲಕ್ಕೆ ಆ ಗುಂಡಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು.
ಈಗ ಮೈತುಂಬ ಸಿಡುಬಿನ ಕಲೆ;
ಕಡಲುಪ್ಪು ಕಚ್ಚಿದಲ್ಲೆಲ್ಲ ಕ್ರೋಮು ಎದ್ದು
ಪ್ರತಿ ತಿರುವಿಗೂ ಸೀಲಿನ ತುಟಿ ಕೊಯ್ದಿದೆ.
ಒಂದು ಬೋಲ್ಟು ಬಿಡಲೊಲ್ಲದು. ಕಾಯಿಸಿದ, ಬಡಿದ, ಬೈದ,
ತನ್ನ ದ್ವೀಪದ ಇಂಗ್ಲಿಷಿನಲ್ಲಿ ಬೇಡಿಕೊಂಡ.
ಬಿಟ್ಟಾಗ ಅವನ ಬೆರಳ ಗೆಣ್ಣು ಸುಲಿದಿತ್ತು.

ಮೇಲಿನ ಪಿನ್ನಿನಡಿಯ ಶಿಮ್ಮುಗಳನ್ನು ಒಂದೊಂದಾಗಿ ಒರೆಸಿ
ಬೆಂಚಿನ ಮೇಲಿಡುತ್ತಿದ್ದೆ.
ನಾಲ್ಕನೆಯದು ಕಾರ್ಖಾನೆಯದಲ್ಲ.
ತಂಬಾಕಿನ ಡಬ್ಬಿಯ ತಗಡು,
ಯಾರೋ ಕತ್ತರಿಸಿದ್ದು; ಅಂಚು ಸೊಟ್ಟ,
ತೂತು ಮೊಳೆಯಿಂದ ಹೊಡೆದು ಅರದಿಂದ ಉಜ್ಜಿದ್ದು,
ಒಂದು ಬದಿ ಇನ್ನೂ ಹಸಿರು ಬಣ್ಣ,
ಅರ್ಧ ಅಕ್ಷರ.

ಈ ಗಾಡಿಗೆ ನಾನು ಐದನೆಯವಳು.
ಆ ನಾಲ್ವರಲ್ಲಿ ಯಾವನೋ, ಯಾವ ಚಳಿಗಾಲವೋ,
ಹಡಗು ಬಾರದೆ, ಸೇದಿ ಮುಗಿಸಿದ ಡಬ್ಬಿ ತಿರುಗಿಸಿ ನೋಡಿರಬೇಕು.
"ಎಸೀ" ಅಂದ ಡೆರ್ವಿನ್. "ಹೊಸದಕ್ಕೆ ಹೊಸದೇ."
ಎಸೆಯಲು ಎತ್ತಿದ ಕೈ
ಯಾಕೋ ಕಿಟಕಿಯ ಕಟ್ಟೆ ಮೇಲಿಟ್ಟಿತು.

ಹೊಸ ಗುಂಡು, ಹೊಸ ಬೇರಿಂಗು, ಸೀಲು ಮಾತ್ರ ಆಮೇಲೆ.
ಟ್ರೌಟ್ ಮೀನು ತೂಗುವ ತಕ್ಕಡಿಯ ಕೊಕ್ಕೆಯನ್ನು
ಸ್ಟೀರಿಂಗ್ ತೋಳಿನ ತುದಿಗೆ ಸಿಕ್ಕಿಸಿ ಎಳೆದ.
ಒಂದೂಕಾಲು ಕಿಲೋಗೆ ತಿರುಗಬೇಕು.
ಎರಡಕ್ಕೂ ಜಗ್ಗಲಿಲ್ಲ, ಕಡಿವಾಣ ಕಚ್ಚಿದ ಕುದುರೆ.
ಕಿಟ್ಟಿನಲ್ಲಿದ್ದ ದಪ್ಪ ಶಿಮ್ಮು ಸೇರಿಸಿದ.
ಈಗ ಅರ್ಧ ಕಿಲೋಗೇ ಗಿರಕಿ.
ನಡುವಿನ ಅಳತೆಯದು
ಕಿಟ್ಟಿನಲ್ಲಿಲ್ಲ. ಮುಂದಿನ ಹಡಗು ಐದು ವಾರಕ್ಕೆ.

ಇಬ್ಬರೂ ಕಿಟಕಿಯ ಕಡೆ ನೋಡಲಿಲ್ಲ,
ಸ್ವಲ್ಪ ಹೊತ್ತು.

ಮೈಕ್ರೋಮೀಟರಿನ ದವಡೆಯಲ್ಲಿ ತಗಡು ಹಿಡಿದು
ಕಣ್ಣು ಕಿರಿದು ಮಾಡಿ ಓದಿದ:
ಹೆಚ್ಚೆಂದರೆ ಮೂರು ಕೂದಲೆಳೆ ದಪ್ಪ.
ಮಾತಾಡದೆ ಒರೆಸಿದ, ಗ್ರೀಸು ಸವರಿದ,
ಹಸಿರು ಬದಿ ಕೆಳಗೆ ಮಾಡಿ ಕೂರಿಸಿದ.
ಕೊಕ್ಕೆ. ಎಳೆತ. ಮುಳ್ಳು ಏರಿ
ಒಂದೂಕಾಲಿನ ಗೆರೆಯ ಮೇಲೆ ಸಣ್ಣಗೆ ಉಸಿರಾಡಿತು.
"ಹೂಂ" ಅಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ;
ನನಗೋ, ತಗಡಿನವನಿಗೋ ತಿಳಿಯಲಿಲ್ಲ.

ಭಾನುವಾರ ಸಂಜೆ ಜಲ್ಲಿರಸ್ತೆಯಲ್ಲಿ
ನಲವತ್ತು, ನಲವತ್ತೈದು, ಐವತ್ತು.
ಫ್ಲಾಸ್ಕು ಕದಲಲಿಲ್ಲ.
ನಾಯಿ ಮಾತ್ರ ಎದ್ದು ಕೂತು, ಕಿವಿ ನಿಮಿರಿಸಿ,
ಕಳೆದುಹೋದ ಸದ್ದನ್ನು ಹುಡುಕುತ್ತಿತ್ತು.

ಸಿಡುಬು ಮೋರೆಯ ಹಳೆ ಗುಂಡುಗಳಲ್ಲಿ
ಒಂದನ್ನು ಡೆರ್ವಿನ್ ಒಯ್ದ, ಏಕೆಂದು ಹೇಳಲಿಲ್ಲ.
ಇನ್ನೊಂದು ಕುರಿಮನೆಯ ಬಾಗಿಲಿಗೆ ಒತ್ತಾಗಿ ಕೂತಿದೆ.
ಗಾಳಿ ಇನ್ನೂ ನಿಂತಿಲ್ಲ.